ಓದುಗರ ಪ್ರಶ್ನೆ: ಚೀನೀ ಅಕ್ಷರದ ಗೆರೆಗಳನ್ನು ಯಾವ ಕ್ರಮದಲ್ಲಿ ಎಳೆಯಬೇಕು?

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಕುರಿತಿದ್ದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಚೀನೀ ಅಕ್ಷರಗಳನ್ನು ಇಲ್ಲಿ ಅಚ್ಚು ಮಾಡದೆ ಮಾತಿನಲ್ಲಿಯೇ ವರ್ಣಿಸಿದ್ದೇನೆ. ಪಕ್ಕದಲ್ಲಿ ಒಂದು ಹಾಳೆ ಮತ್ತು ಪೆನ್ಸಿಲ್ ಇಟ್ಟುಕೊಂಡು, ಹೇಳಿದಂತೆ ಗೆರೆ ಎಳೆಯುತ್ತಾ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ಮಾನ್ಯರೇ, ಒಂದು ವರ್ಷದಿಂದ ಮೊಬೈಲಿನಲ್ಲಿ ಪಾಠಗಳನ್ನು ನೋಡಿ ಚೀನೀ ಭಾಷೆಯನ್ನು ಕಲಿಯುತ್ತಿದ್ದೇನೆ. ಸುಮಾರು ಇನ್ನೂರು ಅಕ್ಷರಗಳನ್ನು ಗುರುತಿಸಬಲ್ಲೆ, ನೋಡಿಕೊಂಡು ಬರೆಯಲೂ ಬಲ್ಲೆ. ಈಚೆಗೆ ಸೇರಿದ ಆನ್‌ಲೈನ್ ತರಗತಿಯ ಶಿಕ್ಷಕಿ ನಾನು ಬರೆಯುವುದನ್ನು ನೋಡಿ, ಅಕ್ಷರದ ರೂಪ ಸರಿಯಿದೆ, ಬರೆಯುವ ಕ್ರಮ ತಪ್ಪಿದೆ, ಮೊದಲಿನಿಂದ ತಿದ್ದಿಕೊಳ್ಳಿ ಎಂದರು. ರೂಪ ಸರಿಯಿದ್ದ ಮೇಲೆ ಯಾವ ಗೆರೆ ಮೊದಲು ಎಳೆದೆ ಎಂಬುದು ಯಾರಿಗೆ ತಾನೇ ಗೊತ್ತಾಗುತ್ತದೆ? ಇನ್ನೂರು ಅಕ್ಷರಗಳನ್ನು ನಾನು ಮತ್ತೆ ಕಲಿಯಬೇಕೆ?
– ಸಾಗರ ತಾಲ್ಲೂಕಿನ ಒಬ್ಬ ಓದುಗರು

ಉತ್ತರ: ಬಲ್ಲವರಿಗೆ ಗೊತ್ತಾಗುತ್ತದೆ. ಬರೆದವರ ಕೈ ಯಾವ ದಾರಿಯಲ್ಲಿ ಹೋಯಿತು ಎಂಬುದು ಅಕ್ಷರದಲ್ಲಿಯೇ ಉಳಿದಿರುತ್ತದೆ. ನೀರು ಎಂಬ ಅಕ್ಷರವನ್ನು ತೆಗೆದುಕೊಳ್ಳಿ. ಅದಕ್ಕೆ ನಾಲ್ಕು ಗೆರೆಗಳು. ಮೊದಲು ನಡುವಿನ ಉದ್ದನೆಯ ಲಂಬಗೆರೆ ಮೇಲಿನಿಂದ ಇಳಿದು, ತುದಿಯಲ್ಲಿ ಎಡಕ್ಕೆ, ತುಸು ಮೇಲ್ಮುಖವಾಗಿ, ಕೊಕ್ಕೆಯಂತೆ ತಿರುಗಿ ಮುಗಿಯುತ್ತದೆ. ಎರಡನೆಯ ಗೆರೆ ಎಡಪಕ್ಕದಲ್ಲಿ ಅಡ್ಡಲಾಗಿ ಹೊರಟು ಕೆಳಗೆ ಎಡಕ್ಕೆ ಬಾಗುತ್ತದೆ. ಮೂರನೆಯದು ಬಲಪಕ್ಕದ ಮೇಲಿನಿಂದ ನಡುಗೆರೆಯ ಕಡೆಗೆ ಇಳಿಯುವ ಚಿಕ್ಕ ಗೆರೆ, ನಾಲ್ಕನೆಯದು ಅಲ್ಲಿಂದ ಬಲಕ್ಕೆ ಕೆಳಮುಖವಾಗಿ ಚಾಚುವ ಗೆರೆ. ಮೊದಲ ಗೆರೆಯ ಕೊಕ್ಕೆ ಎಡಕ್ಕೇ ಏಕೆ ತಿರುಗಿದೆ ಎಂದು ನೀವು ಯೋಚಿಸಿದ್ದೀರಾ? ಮುಂದಿನ ಗೆರೆ ಎಡಪಕ್ಕದಲ್ಲಿ ಆರಂಭವಾಗುವುದರಿಂದ ಕುಂಚ ಕಾಗದವನ್ನು ಬಿಡುವಾಗ ಆ ಕಡೆಗೇ ಹೊರಟಿರುತ್ತದೆ; ಆ ಹೊರಟ ಗುರುತೇ ಕೊಕ್ಕೆ. ಎಡ, ನಡು, ಬಲ ಎಂಬ ಕ್ರಮದಲ್ಲಿ ಬರೆದವರಿಗೆ ಈ ಕೊಕ್ಕೆ ಅರ್ಥವಿಲ್ಲದ ಅಲಂಕಾರವಾಗಿ ಕಾಣುತ್ತದೆ, ಆದ್ದರಿಂದಲೇ ಕೆಲವು ದಿನಗಳಲ್ಲಿ ಅದು ಅವರ ಬರವಣಿಗೆಯಿಂದ ಬಿದ್ದುಹೋಗುತ್ತದೆ. ಮಣ್ಣು ಎಂಬ ಅಕ್ಷರ ಇನ್ನೊಂದು ಅಕ್ಷರದ ಎಡಭಾಗವಾಗಿ ಬಂದಾಗ ಅದರ ಕೆಳಗಿನ ಅಡ್ಡಗೆರೆ ಬಲಕ್ಕೆ ಮೇಲೇರುವ ಓರೆಗೆರೆಯಾಗುವುದಕ್ಕೂ ಇದೇ ಕಾರಣ: ಬಲಭಾಗವನ್ನು ಬರೆಯಲು ಕೈ ಆಗಲೇ ಮೇಲಕ್ಕೆ ಹೊರಟಿರುತ್ತದೆ.

ಇದನ್ನು ನಾನು ತಡವಾಗಿ ತಿಳಿದುಕೊಂಡೆ. ಕಲಿಯಲು ಆರಂಭಿಸಿದ ಮೊದಲ ಎರಡು ವರ್ಷ ನಾನೂ ನಿಮ್ಮಂತೆಯೇ ಅಕ್ಷರಗಳನ್ನು ಚಿತ್ರದಂತೆ ನೋಡಿ ಬರೆಯುತ್ತಿದ್ದೆ. ಆಗ ಚೀನೀ ಸ್ನೇಹಿತರೊಬ್ಬರು ಹೊಸ ವರ್ಷಕ್ಕೆ ಕೈಬರಹದ ಒಂದು ಕಾರ್ಡು ಕಳುಹಿಸಿದರು. ಬೆಟ್ಟದ ನಡುವಿನ ಹೊಳೆಯ ಚಿತ್ರ, ಅದರ ಕೆಳಗೆ ಓಡುಬರಹದಲ್ಲಿ ಎರಡೇ ಅಕ್ಷರಗಳು. ಮೂರು ದಿನ ನೋಡಿದರೂ ಅವು ಯಾವುವೆಂದು ತಿಳಿಯಲಿಲ್ಲ. ಕೊನೆಗೆ ಶಿವಮೊಗ್ಗದಲ್ಲಿದ್ದ ನನ್ನ ಗುರುಗಳು ನನ್ನ ತೋರುಬೆರಳನ್ನು ಹಿಡಿದು, ಶಾಯಿ ದಪ್ಪವಾಗಿ ಆರಂಭವಾದ ಜಾಗದಿಂದ ತೆಳುವಾಗಿ ಮುಗಿದ ಜಾಗದವರೆಗೆ ನಡೆಸಿದರು. ನಡುವಿನ ಗೆರೆ ಇಳಿಯಿತು, ಎಡಕ್ಕೆ ಹೋಗಿ ತಳದಲ್ಲಿ ತಿರುಗಿತು, ಬಲಬದಿಯಲ್ಲಿ ನಿಂತಿತು. ಅದು ಬೆಟ್ಟ. ಮುಂದಿನದು ನಾನು ಮೇಲೆ ಹೇಳಿದ ನೀರು. ಎರಡೂ ಸೇರಿದರೆ ಶಾನ್‌ಶ್ವೇಯ್, ಅಂದರೆ ಪ್ರಕೃತಿದೃಶ್ಯ. ಎರಡನ್ನೂ ನಾನು ಮೊದಲ ವಾರದಲ್ಲಿಯೇ ಕಲಿತಿದ್ದೆ. ಓಡುಬರಹದಲ್ಲಿ ಗೆರೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಕೂಡಿಕೊಳ್ಳುವುದು ಬರೆದ ಕ್ರಮದಲ್ಲಿಯೇ. ಆ ಕ್ರಮ ಓದುವವರ ಕೈಯಲ್ಲಿ ಇಲ್ಲದಿದ್ದರೆ ಕಣ್ಣು ಎಷ್ಟು ಚುರುಕಾಗಿದ್ದರೂ ಸಾಲದು.

ಇನ್ನೊಂದು ಕಾರಣ ಎಣಿಕೆಗೆ ಸಂಬಂಧಿಸಿದ್ದು. ಬಾಯಿ ಎಂಬ ಅಕ್ಷರ ನೋಡಲು ಒಂದು ಚೌಕ. ನಮ್ಮವರು ಅದನ್ನು ಒಂದೇ ಸುತ್ತಿನಲ್ಲಿ ಬರೆಯುತ್ತಾರೆ ಅಥವಾ ನಾಲ್ಕು ಬದಿಗಳಿಗೆ ನಾಲ್ಕು ಗೆರೆ ಎಳೆಯುತ್ತಾರೆ. ಅದರಲ್ಲಿರುವುದು ಮೂರು ಗೆರೆಗಳು: ಮೊದಲು ಎಡಬದಿ, ಆಮೇಲೆ ಮೇಲಿನ ಬದಿಯನ್ನು ಎಳೆದು ಕೈ ಎತ್ತದೆ ಮೂಲೆಯಲ್ಲಿ ತಿರುಗಿಸಿ ಬಲಬದಿಯನ್ನು ಇಳಿಸಬೇಕು, ಕೊನೆಗೆ ತಳವನ್ನು ಮುಚ್ಚಬೇಕು. 1716ರಲ್ಲಿ ಮುಗಿದ ಕಾಂಗ್‌ಶಿ ನಿಘಂಟು ಅಕ್ಷರಗಳನ್ನು ಅವುಗಳಲ್ಲಿ ಮತ್ತೆ ಮತ್ತೆ ಬರುವ 214 ಮೂಲಭಾಗಗಳ ಅಡಿಯಲ್ಲಿ ವಿಂಗಡಿಸಿ, ಪ್ರತಿಯೊಂದು ಭಾಗದೊಳಗೆ ಆ ಭಾಗವನ್ನು ಬಿಟ್ಟು ಉಳಿದ ಗೆರೆಗಳ ಸಂಖ್ಯೆಯಂತೆ ಜೋಡಿಸಿತು. ಬಾಯಿಗೆ ನಾಲ್ಕು ಗೆರೆ ಎಂದುಕೊಂಡವರು ಇಂತಹ ನಿಘಂಟಿನಲ್ಲಿ ತಪ್ಪು ಪುಟವನ್ನೇ ತೆರೆಯುತ್ತಾರೆ. ಮೊಬೈಲಿನಲ್ಲಿಯೂ ಗೆರೆಗಳಿಂದಲೇ ಬೆರಳಚ್ಚು ಮಾಡುವ ಕೀಲಿಮಣೆ ಉಂಟು. ಅಡ್ಡಗೆರೆಗೆ 1, ಲಂಬಗೆರೆಗೆ 2, ಎಡಕ್ಕೆ ಇಳಿಯುವ ಗೆರೆಗೆ 3, ಚುಕ್ಕೆಗೂ ಬಲಕ್ಕೆ ಇಳಿಯುವ ಗೆರೆಗೂ 4, ಮಡಿಸಿದ ಗೆರೆಗೆ 5. ಮರ ಎಂಬ ಅಕ್ಷರಕ್ಕೆ 1, 2, 3, 4 ಎಂದು ಒತ್ತಬೇಕು. ಬಾಯಿಗೆ 2, 5, 1. ಕ್ರಮ ತಪ್ಪಿಸಿ ಒತ್ತಿದರೆ ಬೇಕಾದ ಅಕ್ಷರ ಬರುವುದಿಲ್ಲ.

ಇನ್ನು ನಿಯಮಗಳು. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡ ಮತ್ತು ಲಂಬ ಒಂದನ್ನೊಂದು ದಾಟುವಲ್ಲಿ ಅಡ್ಡಗೆರೆ ಮೊದಲು, ಎಡಕ್ಕೆ ಇಳಿಯುವುದು ಮೊದಲು ಮತ್ತು ಬಲಕ್ಕೆ ಇಳಿಯುವುದು ಅನಂತರ ಎಂಬಿವು ನಿಮ್ಮ ಪಾಠದಲ್ಲಿಯೂ ಇದ್ದೇ ಇರುತ್ತವೆ. ತಪ್ಪು ಹೆಚ್ಚಾಗಿ ನಡೆಯುವುದು ಸುತ್ತುಗಟ್ಟಿದ ಅಕ್ಷರಗಳಲ್ಲಿ. ದೇಶ ಎಂಬ ಅಕ್ಷರದ ಸರಳ ರೂಪದಲ್ಲಿ ಒಂದು ಚೌಕ, ಅದರೊಳಗೆ ಜೇಡ್ ಎಂಬ ಬೆಲೆಬಾಳುವ ಕಲ್ಲಿನ ಅರ್ಥದ ಐದು ಗೆರೆಗಳ ಅಕ್ಷರ. ಚೌಕದ ಎಡಬದಿ, ಮೇಲಿನ ಮತ್ತು ಬಲದ ಬದಿಗಳನ್ನು ಮೊದಲು ಕಟ್ಟಿ, ಒಳಗಿನ ಐದನ್ನು ಬರೆದು, ತಳದ ಗೆರೆಯನ್ನು ಎಲ್ಲಕ್ಕಿಂತ ಕೊನೆಗೆ ಹಾಕಬೇಕು, ಒಟ್ಟು ಎಂಟು. ಜನ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಬೇಕು ಎಂದು ಚೀನೀ ಶಿಕ್ಷಕರು ಮಕ್ಕಳಿಗೆ ಇದನ್ನು ಹೇಳಿಕೊಡುತ್ತಾರೆ. ಸಂಜೆ ದನಗಳೆಲ್ಲ ಅಂಗಳಕ್ಕೆ ಬಂದ ಮೇಲೆಯೇ ಉಣುಗೋಲು ಹಾಕುವುದನ್ನು ಕಂಡ ನಿಮಗೆ ಇದನ್ನು ನೆನಪಿಡುವುದು ಕಷ್ಟವಾಗಲಾರದು. ನಡೆಯುವುದನ್ನು ಸೂಚಿಸುವ ಎರಡು ಭಾಗಗಳ ವಿಷಯದಲ್ಲಿಯೂ ಎಚ್ಚರ ಬೇಕು. ದಾರಿ ಎಂಬ ಅಕ್ಷರದಲ್ಲಿ ಎಡಕ್ಕೂ ಕೆಳಕ್ಕೂ ಹಬ್ಬಿದ ಮೂರು ಗೆರೆಗಳ ಭಾಗವನ್ನು ಕೊನೆಯಲ್ಲಿ ಬರೆಯಬೇಕು, ಏಳುವುದು ಎಂಬ ಅಕ್ಷರದಲ್ಲಿ ಹಾಗೆಯೇ ಹಬ್ಬಿದ ಏಳು ಗೆರೆಗಳ ಭಾಗವನ್ನು ಮೊದಲು ಬರೆಯಬೇಕು. ಒಂಬತ್ತು ಮತ್ತು ಶಕ್ತಿ ಎಂಬ ಎರಡು ಅಕ್ಷರಗಳೂ ಎರಡೆರಡೇ ಗೆರೆಗಳವು, ನೋಡಲು ಹತ್ತಿರದವು. ಆದರೂ ಒಂಬತ್ತರಲ್ಲಿ ಎಡಕ್ಕೆ ಇಳಿಯುವ ಗೆರೆ ಮೊದಲು, ಶಕ್ತಿಯಲ್ಲಿ ಮಡಿಸಿದ ಗೆರೆ ಮೊದಲು. ಇಂತಹವನ್ನು ನಿಯಮದಿಂದ ಊಹಿಸಲು ಹೋಗದೆ ಒಂದೊಂದಾಗಿ ಕೈಗೆ ಕಲಿಸುವುದೇ ಸರಿಯಾದ ಹಾದಿ.

ಇನ್ನೂರು ಅಕ್ಷರಗಳನ್ನು ಮತ್ತೆ ಕಲಿಯುವ ಅಗತ್ಯವಿಲ್ಲ. ನಿಮ್ಮ ಇನ್ನೂರರಲ್ಲಿ ಬಾಯಿ, ಸೂರ್ಯ, ಮರ, ನೀರು, ಕೈ, ಮನುಷ್ಯ, ಹೆಣ್ಣು, ಹುಲ್ಲು ಮುಂತಾದ ಕೆಲವೇ ಭಾಗಗಳು ಮತ್ತೆ ಮತ್ತೆ ಬರುತ್ತವೆ. ಈ ಭಾಗಗಳ ಕ್ರಮವನ್ನು ತಿದ್ದಿಕೊಂಡರೆ ಅವು ಬರುವ ಅಕ್ಷರಗಳು ಬಹುಮಟ್ಟಿಗೆ ತಾವಾಗಿಯೇ ಸರಿಹೋಗುತ್ತವೆ. ಅಭ್ಯಾಸ ಮಾಡುವಾಗ ಒಂದು ಅಕ್ಷರವನ್ನು ನೋಡಿಕೊಂಡು ಐವತ್ತು ಸಲ ಬರೆಯಬೇಡಿ. ಐದನೆಯ ಸಲದ ಹೊತ್ತಿಗೆ ಮನಸ್ಸು ಬೇರೆಡೆಗೆ ಹೋಗಿ ಕೈ ಮಾತ್ರ ಆಡುತ್ತಿರುತ್ತದೆ. ಎರಡು ಸಲ ನೋಡಿಕೊಂಡು ಬರೆಯಿರಿ, ಪುಸ್ತಕವನ್ನು ಮುಚ್ಚಿ, ಅಡ್ಡ, ಲಂಬ, ಎಡಕ್ಕೆ ಇಳಿಕೆ ಎಂದು ಗೆರೆಯ ಹೆಸರನ್ನು ಬಾಯಲ್ಲಿ ಹೇಳುತ್ತಾ ಗಾಳಿಯಲ್ಲಿ ತೋರುಬೆರಳಿನಿಂದ ಬರೆಯಿರಿ, ಅನಂತರ ಹಾಳೆಯ ಮೇಲೆ ನೆನಪಿನಿಂದ ಬರೆದು ಹೋಲಿಸಿರಿ. ಗಾಳಿಯಲ್ಲಿ ಬರೆಯಿಸುವ ಈ ಪದ್ಧತಿ ಚೀನಾದ ಪ್ರಾಥಮಿಕ ಶಾಲೆಗಳಲ್ಲಿ ಇಂದಿಗೂ ಇದೆ. ಶೃಂಗೇರಿಯಲ್ಲಿ ಅಕ್ಷರಾಭ್ಯಾಸ ಮಾಡಿಸುವಾಗ ಮಗುವಿನ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ತಿದ್ದಿಸುವುದನ್ನು ನೀವು ನೋಡಿರಬಹುದು. ಅಲ್ಲಿಯೂ ಮಗುವಿನ ಕಣ್ಣಿಗಿಂತ ಮೊದಲು ಬೆರಳು ಅಕ್ಷರದ ದಾರಿಯನ್ನು ಕಲಿಯುತ್ತದೆ. ನಿಮ್ಮ ಶಿಕ್ಷಕಿ ಹೇಳಿದ ಮಾತು ಕಟುವಾಗಿ ಕೇಳಿಸಿರಬಹುದು, ಆದರೆ ಇನ್ನೂರರಲ್ಲಿ ತಿದ್ದಿಕೊಳ್ಳುವುದು ಎರಡು ಸಾವಿರದಲ್ಲಿ ತಿದ್ದಿಕೊಳ್ಳುವುದಕ್ಕಿಂತ ಎಷ್ಟೋ ಸುಲಭ, ಅವರು ಸಕಾಲದಲ್ಲಿ ಹೇಳಿದ್ದಾರೆ.

ಪ್ರಶ್ನೆ: ಹತ್ತು ವರ್ಷದ ನನ್ನ ಮಗಳು ಆಸೆಪಟ್ಟಳೆಂದು ಎರಡು ಅಭ್ಯಾಸಪುಸ್ತಕಗಳನ್ನು ತರಿಸಿಕೊಟ್ಟೆ. ರಾಜ ಎಂಬ ಅಕ್ಷರಕ್ಕೆ ಒಂದರಲ್ಲಿ ಒಂದು ಕ್ರಮ, ಇನ್ನೊಂದರಲ್ಲಿ ಬೇರೆ ಕ್ರಮ ಕೊಟ್ಟಿದ್ದಾರೆ. ಯಾವುದು ಸರಿ? ತಪ್ಪು ಮುದ್ರಿಸಿದ ಪುಸ್ತಕವನ್ನು ಹಿಂದಿರುಗಿಸಬೇಕೆ?
– ತೀರ್ಥಹಳ್ಳಿಯ ಒಬ್ಬ ತಂದೆ

ಉತ್ತರ: ಹಿಂದಿರುಗಿಸುವ ಮೊದಲು ಪುಸ್ತಕದ ರಕ್ಷಾಪುಟವನ್ನು ನೋಡಿರಿ, ಒಂದು ಚೀನೀ ಭಾಷೆಯದ್ದೂ ಇನ್ನೊಂದು ಜಪಾನಿ ಭಾಷೆಯದ್ದೂ ಆಗಿರುವ ಸಂಭವ ಹೆಚ್ಚು. ರಾಜ ಎಂಬ ಅಕ್ಷರ ಮೂರು ಅಡ್ಡಗೆರೆಗಳನ್ನು ಒಂದು ಲಂಬಗೆರೆ ಪೋಣಿಸಿದಂತಿರುತ್ತದೆ. ಚೀನಾದಲ್ಲಿ ಮೇಲಿನ ಎರಡು ಅಡ್ಡಗೆರೆಗಳನ್ನು ಬರೆದು, ಲಂಬಗೆರೆಯನ್ನು ಇಳಿಸಿ, ತಳದ ಅಡ್ಡಗೆರೆಯಿಂದ ಮುಗಿಸುತ್ತಾರೆ. ಜಪಾನಿನಲ್ಲಿ ಮೇಲಿನ ಅಡ್ಡಗೆರೆಯಾದ ಕೂಡಲೇ ಲಂಬಗೆರೆ ಬರುತ್ತದೆ, ಉಳಿದ ಎರಡು ಅಡ್ಡಗೆರೆಗಳು ಅನಂತರ. ಗದ್ದೆ ಎಂಬ ಅಕ್ಷರದ ಒಳಗಿನ ಕೂಡುಗೆರೆಯಲ್ಲಿಯೂ ಇದೇ ಭೇದ: ಚೀನಾದಲ್ಲಿ ಅಡ್ಡ ಮೊದಲು, ಜಪಾನಿನಲ್ಲಿ ಲಂಬ ಮೊದಲು. ಎರಡೂ ಅವರವರ ಶಾಲೆಗಳಲ್ಲಿ ಸರಿಯಾದವೇ.

ಜಪಾನಿನ ಶಿಕ್ಷಣ ಸಚಿವಾಲಯ 1958ರಲ್ಲಿ 881 ಅಕ್ಷರಗಳಿಗೆ ಗೆರೆಗಳ ಕ್ರಮದ ಕೈಪಿಡಿಯನ್ನು ತಂದಾಗಲೇ, ಶಾಲೆಗಳಲ್ಲಿ ಏಕರೂಪತೆಗಾಗಿ ಇದನ್ನು ಕೊಡಲಾಗಿದೆಯೇ ಹೊರತು ರೂಢಿಯಲ್ಲಿರುವ ಬೇರೆ ಕ್ರಮಗಳನ್ನು ತಪ್ಪೆನ್ನುವುದಕ್ಕಲ್ಲ ಎಂಬ ಅರ್ಥದ ಮಾತನ್ನು ಅದರಲ್ಲಿ ಸೇರಿಸಿತ್ತು. ಇದು ಬಹಳ ವಿವೇಕದ ಮಾತು ಎಂದು ನನ್ನ ಭಾವನೆ. ಚೀನಾದಲ್ಲಿ 2013ರಲ್ಲಿ ಪ್ರಕಟವಾದ ಪ್ರಮಾಣಿತ ಪಟ್ಟಿಯಲ್ಲಿ 8105 ಅಕ್ಷರಗಳಿವೆ, ಅವುಗಳಲ್ಲಿ ಮೊದಲ ವರ್ಗದ ಬಳಕೆಯ ಅಕ್ಷರಗಳು 3500. ಈ ಪಟ್ಟಿಯ ಅಷ್ಟೂ ಅಕ್ಷರಗಳಿಗೆ ಗೆರೆಗಳ ಕ್ರಮವನ್ನು ನಿಗದಿಪಡಿಸಿದ ಮಾನದಂಡ 2021ರ ಮಾರ್ಚ್‌ನಿಂದ ಜಾರಿಯಲ್ಲಿದೆ. ತೈವಾನಿನ ಶಿಕ್ಷಣ ಸಚಿವಾಲಯಕ್ಕೆ ತನ್ನದೇ ಕ್ರಮವಿದೆ.

ಹೀಗಾಗಿ ಮಗಳು ಯಾವ ಭಾಷೆಯನ್ನು ಕಲಿಯುತ್ತಾಳೆಂಬುದನ್ನು ಮೊದಲು ನಿರ್ಧರಿಸಿ, ಆ ನಾಡಿನ ಕ್ರಮವೊಂದನ್ನೇ ಹಿಡಿಯಿರಿ. ಎರಡನ್ನೂ ಕಲೆಸಿ ಕಲಿಸಿದರೆ ಕೈಗೆ ಯಾವುದೂ ನಿಲ್ಲುವುದಿಲ್ಲ. ಚೀನೀ ಭಾಷೆಯೇ ಆದರೆ ಲಿಪಿಯ ಸರಳ ರೂಪದ ಪುಸ್ತಕವೋ ಸಾಂಪ್ರದಾಯಿಕ ರೂಪದ್ದೋ ಎಂಬುದನ್ನೂ ನೋಡಿಕೊಳ್ಳಿ. 1956 ಮತ್ತು 1964ರ ಸುಧಾರಣೆಗಳ ಅನಂತರ ಚೀನಾದಲ್ಲಿ ಬಳಕೆಗೆ ಬಂದ ಸರಳ ರೂಪದಲ್ಲಿ ಕುದುರೆಗೆ ಮೂರು ಗೆರೆ, ಸಾಂಪ್ರದಾಯಿಕ ರೂಪದಲ್ಲಿ ಹತ್ತು. ಇನ್ನೊಂದು ಪುಸ್ತಕವನ್ನು ಮಗಳು ದೊಡ್ಡವಳಾಗುವವರೆಗೆ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿರಿ.

ಪ್ರಶ್ನೆ: ನಾನು ಎಡಗೈಯಲ್ಲಿ ಬರೆಯುವವನು. ಗೆರೆಗಳ ಕ್ರಮವನ್ನು ಬಲದಿಂದ ಎಡಕ್ಕೆ ತಿರುಗಿಸಿಕೊಳ್ಳಬಹುದೆ?
– ಹೊಸನಗರದ ಒಬ್ಬ ವಿದ್ಯಾರ್ಥಿ

ಉತ್ತರ: ತಿರುಗಿಸಬೇಡಿ. ಈ ಕ್ರಮ ಬಲಗೈ ಮತ್ತು ಕುಂಚವನ್ನು ಅನುಸರಿಸಿ ಬೆಳೆದದ್ದು ನಿಜ, ಅಡ್ಡಗೆರೆಯನ್ನು ಬಲಗೈಯವರು ಎಳೆಯುವಲ್ಲಿ ನೀವು ತಳ್ಳಬೇಕಾಗುತ್ತದೆ. ಆದರೂ ಕ್ರಮವನ್ನೂ ದಿಕ್ಕನ್ನೂ ಹಾಗೆಯೇ ಉಳಿಸಿಕೊಂಡು ಹಾಳೆಯನ್ನು ಮಾತ್ರ ನಿಮಗೆ ಅನುಕೂಲವಾಗುವಂತೆ ಓರೆಯಾಗಿ ಇಟ್ಟುಕೊಳ್ಳಿ. ಬೇಗ ಒಣಗುವ ಶಾಯಿಯ ಪೆನ್ನು ಅಥವಾ ಪೆನ್ಸಿಲ್ ಬಳಸಿದರೆ ಬರೆದದ್ದು ಅಂಗೈಗೆ ಮೆತ್ತುವುದಿಲ್ಲ. ಕನ್ನಡವನ್ನು ಎಡಗೈಯಲ್ಲಿ ಬರೆಯಲು ನೀವು ಈಗಾಗಲೇ ಕಂಡುಕೊಂಡಿರುವ ಉಪಾಯಗಳು ಇಲ್ಲಿಯೂ ಸಲ್ಲುತ್ತವೆ. ಯಾರಾದರೂ ಕೈ ಬದಲಾಯಿಸು ಎಂದು ಒತ್ತಾಯಿಸಿದರೆ ಒಪ್ಪಿಕೊಳ್ಳಬೇಡಿ.

ಪ್ರಶ್ನೆ: ನಿವೃತ್ತನಾದ ಮೇಲೆ ಚೀನೀ ಅಕ್ಷರಗಳನ್ನು ಬರೆಯಲು ಕಲಿಯಬೇಕೆಂಬ ಹಂಬಲ ಹುಟ್ಟಿದೆ. ಮಾತನಾಡುವ ಆಸೆಯಿಲ್ಲ, ಅಂದವಾಗಿ ಬರೆಯಬೇಕೆಂಬುದಷ್ಟೇ ಆಸೆ. ಕುಂಚದಿಂದಲೇ ಆರಂಭಿಸಲೆ? ಯಾವ ಪುಸ್ತಕ ಬೇಕು? ಯಾವ ಅಕ್ಷರಗಳಿಂದ ಆರಂಭಿಸಲಿ?
– ಶಿವಮೊಗ್ಗದ ಒಬ್ಬ ಹಿರಿಯರು

ಉತ್ತರ: ತಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಪೆನ್ಸಿಲ್‌ನಿಂದ ಆರಂಭಿಸಿ, ಕೈಗೆ ಕ್ರಮ ಕುಳಿತ ಮೇಲೆ ಕುಂಚ ಹಿಡಿಯಿರಿ ಎಂದು ನನ್ನ ಸಲಹೆ. ಚೀನೀ ಕುಂಚ ಪ್ರಾಣಿಗಳ ರೋಮದ್ದು, ಮೆತ್ತಗಿದ್ದು ತುದಿ ಚೂಪಾಗಿರುತ್ತದೆ. ನಮ್ಮ ಕಡೆ ಹಸೆ ಚಿತ್ತಾರಕ್ಕೆ ಬಳಸುವ ಪುಂಡಿನಾರಿನ ಕುಂಚದಂತೆ ಅದು ಒಂದೇ ದಪ್ಪದ ಗೆರೆಯನ್ನು ಕೊಡುವುದಿಲ್ಲ, ಒತ್ತಿದಷ್ಟೂ ಅಗಲವಾಗುತ್ತದೆ. ಕ್ರಮವನ್ನೂ ಒತ್ತಡವನ್ನೂ ಒಟ್ಟಿಗೆ ಸಂಭಾಳಿಸುವುದು ಆರಂಭದಲ್ಲಿ ತುಂಬಾ ಕಷ್ಟ.

ವಿಶೇಷ ಪುಸ್ತಕವೇನೂ ಬೇಕಾಗಿಲ್ಲ. ಚೀನೀ ಮಕ್ಕಳು ಬರೆಯುವ ಚೌಕವನ್ನು ಚುಕ್ಕೆಗೆರೆಗಳು ನಾಲ್ಕು ಭಾಗ ಮಾಡಿರುತ್ತವೆ, ಗದ್ದೆ ಎಂಬ ಅಕ್ಷರವೂ ಹೀಗೆಯೇ ನಾಲ್ಕಾಗಿ ಭಾಗವಾದ ಚೌಕವಾದ್ದರಿಂದ ಅದನ್ನು ಗದ್ದೆ ಅಕ್ಷರದ ಚೌಕವೆಂದೇ ಕರೆಯುತ್ತಾರೆ. ನಮ್ಮ ಮಕ್ಕಳು ಗಣಿತಕ್ಕೆ ಬಳಸುವ ಚೌಕಳಿ ಪುಸ್ತಕದಲ್ಲಿ ನಾಲ್ಕು ಮನೆಗಳನ್ನು ಸೇರಿಸಿ ಒಂದೆಂದು ತಿಳಿದುಕೊಂಡರೆ ಅದೇ ಸಿದ್ಧವಾಗುತ್ತದೆ. ಅಕ್ಷರದ ನಡುಗೆರೆ ನಡುವಿನ ಗೀಟಿನ ಮೇಲೆ ಬಂತೇ, ಎಡಬಲಗಳ ತೂಕ ಸರಿಯಾಯಿತೇ ಎಂಬುದು ಅದರಲ್ಲಿ ಕೂಡಲೇ ಕಾಣುತ್ತದೆ. ಚೀನಾದ ಉದ್ಯಾನಗಳಲ್ಲಿ ಹಿರಿಯರು ಬೆಳಗಿನ ಹೊತ್ತು ದೊಡ್ಡ ಕುಂಚವನ್ನು ನೀರಿನಲ್ಲಿ ಅದ್ದಿ ಕಲ್ಲುಹಾಸಿನ ಮೇಲೆ ಬರೆಯುತ್ತಾರೆ. ತಾವೂ ಬೇಸಗೆಯಲ್ಲಿ ಮನೆಯ ಜಗಲಿಯ ಮೇಲೆ ಹಾಗೆ ಬರೆದು ನೋಡಬಹುದು. ಮೊದಲು ಎಳೆದ ಗೆರೆ ಮೊದಲು ಆರುವುದರಿಂದ, ಬರೆದ ಕ್ರಮ ಒಂದು ಕ್ಷಣ ಕಣ್ಣೆದುರೇ ಮತ್ತೆ ನಡೆದಂತೆ ಕಾಣುತ್ತದೆ.

ಅಕ್ಷರಗಳನ್ನು ನಮ್ಮ ಮಲೆನಾಡಿನಿಂದಲೇ ಆರಿಸಿಕೊಡುತ್ತೇನೆ. ಬೆಟ್ಟಕ್ಕೆ ಮೂರು ಗೆರೆ: ನಡುವಿನ ಎತ್ತರದ ಲಂಬಗೆರೆ, ಆಮೇಲೆ ಎಡಬದಿ ಇಳಿದು ತಳದಲ್ಲಿ ಬಲಕ್ಕೆ ತಿರುಗುವ ಮಡಿಸಿದ ಗೆರೆ, ಕೊನೆಗೆ ಬಲಬದಿ. ಮರಕ್ಕೆ ನಾಲ್ಕು, ಕ್ರಮವನ್ನು ಸಾಗರದವರ ಉತ್ತರದಲ್ಲಿ ಹೇಳಿದ್ದೇನೆ. ಎರಡು ಮರಗಳನ್ನು ಅಕ್ಕಪಕ್ಕದಲ್ಲಿ ಬರೆದರೆ ತೋಪು, ಒಂದರ ಕೆಳಗೆ ಎರಡು ಬರೆದರೆ ದಟ್ಟವಾದ ಕಾಡು. ಎರಡು ಮರಗಳು ಅಕ್ಕಪಕ್ಕ ನಿಂತಾಗ ಎಡಗಡೆಯ ಮರ ಬಲಕ್ಕೆ ಚಾಚಿದ ತನ್ನ ಕೊನೆಯ ಗೆರೆಯನ್ನು ಚುಕ್ಕೆಯಾಗಿ ಕುಗ್ಗಿಸಿಕೊಂಡು ಪಕ್ಕದ ಮರಕ್ಕೆ ಜಾಗ ಬಿಡುತ್ತದೆ. ಈ ಸೂಕ್ಷ್ಮವನ್ನು ಆರಂಭದಲ್ಲಿಯೇ ಗಮನಿಸಬೇಕೆಂದು ವಿನಂತಿ. ಚಹಾ ಎಂಬ ಮಾತು ನಮಗೆ ಬಂದದ್ದೇ ಚೀನೀ ಭಾಷೆಯ ಚಾ ಎಂಬುದರಿಂದ. ಅದನ್ನು ಬರೆಯಲು ಮೇಲೆ ಹುಲ್ಲಿನ ಮೂರು ಗೆರೆ, ನಡುವೆ ಮಾಡಿನಂತೆ ಇಳಿಯುವ ಮನುಷ್ಯನ ಎರಡು ಗೆರೆ, ಕೆಳಗೆ ಮರವನ್ನು ಹೋಲುವ ನಾಲ್ಕು, ಒಟ್ಟು ಒಂಬತ್ತು.

ಮಳೆಗೆ ಎಂಟು ಗೆರೆ. ಮೇಲೆ ಆಕಾಶದಂತೆ ಒಂದು ಅಡ್ಡಗೆರೆ. ಅದರ ಕೆಳಗೆ ಎಡಬದಿಯ ಗಿಡ್ಡ ಲಂಬಗೆರೆ. ಅದರ ತಲೆಯಿಂದ ಹೊರಟು ಬಲಮೂಲೆಯಲ್ಲಿ ತಿರುಗಿ ಇಳಿದು ಒಳಕ್ಕೆ ಕೊಕ್ಕೆಯಾಗುವ ಗೆರೆ. ನಡುವೆ ಮೇಲಿನಿಂದ ಇಳಿಯುವ ಲಂಬಗೆರೆ. ಆಮೇಲೆ ನಾಲ್ಕು ಹನಿಗಳು: ಎಡಗಡೆಯ ಮೇಲಿನದು, ಅದರ ಕೆಳಗಿನದು, ಬಲಗಡೆಯ ಮೇಲಿನದು, ಅದರ ಕೆಳಗಿನದು. ನಾಲ್ಕು ಹನಿಗಳನ್ನೂ ಅವಸರದಲ್ಲಿ ಒಂದೇ ಬೀಸಿಗೆ ಹಾಕದೆ, ಪ್ರತಿಯೊಂದಕ್ಕೂ ಕುಂಚವನ್ನು ಇಳಿಸಿ, ಒತ್ತಿ, ಎತ್ತಬೇಕು. ಇಷ್ಟು ಬಂದ ಮೇಲೆ ಮಳೆಯನ್ನು ತುಸು ಚಪ್ಪಟೆಯಾಗಿ ಬರೆದು ಅದರ ಕೆಳಗೆ ಗದ್ದೆಯ ಐದು ಗೆರೆಗಳನ್ನು ಬರೆಯಿರಿ, ತಳದ ಗೆರೆಯನ್ನು ಕೊನೆಗೆ ಮುಚ್ಚಿರಿ. ಹದಿಮೂರು ಗೆರೆಗಳ ಈ ಅಕ್ಷರದ ಅರ್ಥ ಗುಡುಗು. ಅದನ್ನು ಒಂದು ಹಾಳೆಯ ತುಂಬ ಬರೆದು, ಪ್ರತಿ ಗೆರೆಯ ಪಕ್ಕದಲ್ಲಿ ಅದು ಎಷ್ಟನೆಯದೆಂದು ಸಣ್ಣ ಅಂಕಿಯಲ್ಲಿ ಗುರುತಿಸಿ ನನಗೆ ಕಳುಹಿಸಿದರೆ ತಿದ್ದಿ ಹಿಂದಿರುಗಿಸುತ್ತೇನೆ.